ಪಾಂಡೀಶ್ವರಿ ಕೈಯಾಡಿಸಿದ ಬಾನೆಟ್

ಹನುಮಂತನಪಟ್ಟಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಅಂಗಳದಲ್ಲಿ ನಿಂತ ಕಡುನೀಲಿ ಕಾರಿನ ಬಾನೆಟ್ ಮೇಲೆ ಬಾಗಿ ಪಾಂಡೀಶ್ವರಿ ಉಸಿರು ಬಿಗಿಹಿಡಿದಿದ್ದಾರೆ. ಬೆರಳ ತುದಿಯಲ್ಲಿ ಒದ್ದೆ ಮಾಡಿದ ನುಣುಪಾದ ಸ್ಯಾಂಡ್‌ಪೇಪರ್. ಒಣಗಿ ಉಬ್ಬಿರುವ ಬಣ್ಣದ ಚುಕ್ಕೆಯನ್ನಷ್ಟೇ ಉಜ್ಜಬೇಕು. ಕೈ ತುಸು ಜಾರಿದರೂ ಸುತ್ತಲಿನ ಹೊಳಪು ಹೋದಂತೆಯೇ.

ಕಾರು ಬಾಡಿಗೆ ಓಡಿಸುವ ಪ್ರೇಮ್‌ಕುಮಾರ್ ಅವರದು. ಹತ್ತಿರದ ಕಂಬಂ ಪಟ್ಟಣದಲ್ಲಿ ಟ್ರಾವೆಲ್ಸ್ ನಡೆಸುವ ಗೋವಿಂದಮ್ಮಾಳ್ ಹಿಂದೊಮ್ಮೆ ಬಾನೆಟ್ ತುಂಬ ಇದ್ದ ಕಲೆ ನೋಡಿ ಈ ಗಾಡಿಯನ್ನು ‘ಸಿಡುಬು ಬಂದ ವಂಡಿ’ ಎಂದು ವಾಪಸ್ ಕಳಿಸಿದ್ದರು. ಇಂದು ಮತ್ತೆ ನೋಡಲು ಬರುತ್ತಿದ್ದಾರೆ. ಒಪ್ಪಿದರೆ ಪಳನಿ ಯಾತ್ರಿಕರ ಬಾಡಿಗೆ ಸಿಗುತ್ತದೆ. ಇಡೀ ಬಾನೆಟ್‌ಗೆ ಹೊಸ ಬಣ್ಣ ಹೊಡೆಯದೆ ಆಗದು ಎಂದಿತ್ತು ಗ್ಯಾರೇಜು. ಬೇಡ, ಕಲೆಗಳಿಗಷ್ಟೇ ಬಣ್ಣ ತುಂಬಿದರೆ ಸಾಕು ಎಂದವರು ಪಾಂಡೀಶ್ವರಿ. ಹಾಗಾಗಿ ಇವತ್ತು ಪರೀಕ್ಷೆ ಅವರಿಗೂ ಹೌದು.

ಜಲ್ಲಿ ಲಾರಿಗಳ ಹಿಂದೆ ಓಡುವ ಕಾರಿಗೆ ಕಲ್ಲೇಟು ತಪ್ಪಿದ್ದಲ್ಲ. ಇಲ್ಲಿನ ಚಾಲಕರು ಬಣ್ಣ ಎದ್ದ ಜಾಗದ ಮೇಲೊಂದು ಗಂಧದ ಬೊಟ್ಟಿಟ್ಟು ಮರೆಮಾಡುತ್ತಾರೆ. ಬೊಟ್ಟಿನಡಿ ತೇವ ನಿಂತು ತುಕ್ಕು ಹತ್ತುತ್ತದೆ.

“ಸಂದನ ಸಾಮಿಗೆ ಇಡು ತಂಬಿ, ಗಾಯಕ್ಕೆ ಇಡಬ್ಯಾಡ,” ಎನ್ನುತ್ತಾರೆ ಪಾಂಡೀಶ್ವರಿ.

“ಎಲ್ಲಾರೂ ನನ್ನ ದೊಡ್ಡ ಭಕ್ತ ಅಂದ್ಕೊಂಡ್ರಕ್ಕಾ,” ಎನ್ನುತ್ತಾರೆ ಪಕ್ಕದಲ್ಲಿ ನಿಂತ ಪ್ರೇಮ್‌ಕುಮಾರ್.

“ತುಕ್ಕೂ ಅಂಗೇ ನಂಬ್ಕಂಡು ಕೂತ್ಕಂತು.”

ಪಾಂಡೀಶ್ವರಿ ಮೊದಲು ದ್ರಾಕ್ಷಿ ತೋಟದಲ್ಲಿ ಗೊಂಚಲು ಬಿಡಿಸುತ್ತಿದ್ದವರು; ಒತ್ತಾಗಿ ಬೆಳೆದ ಕಾಯಿಗಳನ್ನು ಕತ್ತರಿಸಿ ಉಳಿದವಕ್ಕೆ ಜಾಗ ಮಾಡುವ ಕೆಲಸ. “ಪಕ್ಕದ ಕಾಯಿಗೆ ಕತ್ತರಿ ತಾಕಬಾರ್ದು. ಇದೂ ಅದೇ ಕೈ,” ಎನ್ನುತ್ತಾರೆ. ಬಣ್ಣ ತುಂಬುವುದನ್ನು ಗುಜರಿಯಿಂದ ತಂದ ವ್ಯಾನಿನ ಬಾಗಿಲಿನ ಮೇಲೆ ಕಲಿತರು. ಆತುರಪಟ್ಟು ದಪ್ಪಗೆ ಹಚ್ಚಿದ್ದು ಅನ್ನದ ಅಗುಳಿನಂತೆ ಉಬ್ಬಿ ನಿಂತಿತ್ತು. ಈಗ ತುಕ್ಕು ಕೆರೆದು, ಪ್ರೈಮರ್ ಹಾಕಿ, ಕಡ್ಡಿಯ ತುದಿಯಿಂದ ತೆಳುವಾಗಿ ಬಣ್ಣ ತುಂಬಿ, ಒಣಗುವವರೆಗೆ ಕಾಯುತ್ತಾರೆ. ‘ಹೆಂಗಸಿನ ಕೈಗೆ ವಂಡಿ ಕೊಡೋದಾ’ ಎಂದವರ ಕಾರುಗಳೂ ಈ ಅಂಗಳಕ್ಕೆ ಬಂದು ಹೋಗಿವೆ.

ಬಿಸಿಲೇರುವಾಗ ಗೋವಿಂದಮ್ಮಾಳ್ ಬರುತ್ತಾರೆ. ಬಾನೆಟ್ ಮೇಲೆ ಅಂಗೈ ಸವರುತ್ತಾರೆ, ಬಗ್ಗಿ ಓರೆಯಾಗಿ ನೋಡುತ್ತಾರೆ, ಇನ್ನೊಂದು ಮಗ್ಗುಲಿಗೆ ಹೋಗಿ ಮತ್ತೆ ಸವರುತ್ತಾರೆ. ಪಾಂಡೀಶ್ವರಿ ಸೆರಗಿನಲ್ಲಿ ಬೆರಳು ಒರೆಸಿಕೊಳ್ಳುತ್ತಲೇ ಇದ್ದಾರೆ.

“ಹೊಸ ಬಾನೆಟ್ ಹಾಕ್ಸಿದಿಯಾ ತಂಬಿ?”

“ಅದೇ ಬಾನೆಟ್ಟಮ್ಮಾ. ಅಕ್ಕನ ಕೈಕೆಲಸ.”

“ನಾಳೆ ಪಳನಿಗೆ ನೀನೇ ವೋಗು,” ಎಂದವರು ಪಾಂಡೀಶ್ವರಿಯ ಕಡೆ ತಿರುಗುತ್ತಾರೆ. “ನನ್ನ ವಂಡಿಗಳ್ನೂ ಕಳಿಸ್ತೀನಿ. ಒಂಚೂರು ನೋಡಮ್ಮಾ.”

ಖುಷಿಯಲ್ಲಿ ಪ್ರೇಮ್‌ಕುಮಾರ್ ಗಂಧದ ಬಟ್ಟಲು ಹಿಡಿದು ಬಾನೆಟ್‌ನತ್ತ ನಡೆಯುತ್ತಾರೆ. ಪಾಂಡೀಶ್ವರಿ ಬಟ್ಟಲು ಕಸಿದುಕೊಂಡು ಮುಂದಿನ ಗಾಜಿನ ಮೇಲೆ ತಾವೇ ಬೊಟ್ಟಿಡುತ್ತಾರೆ.

“ಬಾನೆಟ್ ಅಂಗೇ ಇರ್ಲಿ ತಂಬಿ. ಎಲ್ಲಾರೂ ನೋಡ್ಲಿ.”