ಅತ್ತೆಯ ಮಂಚದ ಪಕ್ಕದ ಜರ್ಬಿಲ್‌ಗಳು

ಆ ವರ್ಷ ನನಗೆ ಕೂತಲ್ಲೇ ನಿದ್ದೆ ಬರುತ್ತಿತ್ತು. ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ, ಒಮ್ಮೆ ಒಲೆಯ ಮುಂದೆಯೇ. ಎಂಬತ್ತರ ದಶಕದ ಮೊದಲ ವರ್ಷಗಳವು. ವಕ್ಕಲೇರಿ ಕಡೆಯ ನಮ್ಮ ಹಳ್ಳಿಯಿಂದ ದಿನಾ ಕೋಲಾರಕ್ಕೆ ಹೋಗಿ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ಗಂಡ ಮುಳಬಾಗಿಲಿನ ಕಚೇರಿಯೊಂದರಲ್ಲಿ ಗುಮಾಸ್ತರು. ಶನಿವಾರ ಸಂಜೆ ಬಂದರೆ ಸೋಮವಾರ ಬೆಳಿಗ್ಗೆ ಹೊರಟುಬಿಡುತ್ತಿದ್ದರು. ಅತ್ತೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬರುವಾಗ ಬದುವಿನ ಮೇಲೆ ಜಾರಿ, ತೊಡೆಯ ಮೂಳೆ ಮುರಿದುಕೊಂಡು ನಡುಮನೆಯಲ್ಲಿ ಮಂಚ ಹಿಡಿದಿದ್ದರು. ರೇಷ್ಮೆ ಹುಳ ಸಾಕುವುದು ನಿಂತುಹೋಗಿತ್ತು. ಬೆಳಿಗ್ಗೆ ಎದ್ದು ಅವರ ಮೈ ಒರೆಸಿ, ಬೆಡ್‌ಪ್ಯಾನ್ ತೊಳೆದು, ಮುದ್ದೆ ಮಾಡಿಟ್ಟು, ಪಕ್ಕದ ಮನೆಯಾಕೆಗೆ ಒಂದು ಮಾತು ಹೇಳಿ ನಾನು ಬಸ್ಸಿಗೆ ಓಡಬೇಕಿತ್ತು.

ಒಂದು ಸಂಜೆ ಆ ಪಕ್ಕದ ಮನೆಯಾಕೆಯೇ ಸೆರಗಿನಲ್ಲಿ ಏನನ್ನೋ ಮುದುರಿಕೊಂಡು ಬಂದಳು.

"ಮೇಡಮ್ಮ, ಬದು ಅಗೀತಿದ್ವಾ, ಬಿಲದಾಗೆ ಸಿಕ್ಕಿದ್ವು. ನಿಮ್ಮ ಇಸ್ಕೂಲಿಗೆ ಬೇಕಾದ್ರೆ ಇಟ್ಕೊಳ್ಳಿ."

ಎರಡು ಮರಿ ಇಲಿಗಳು. ಗೋಧಿ ಬಣ್ಣದ ಬೆನ್ನು, ಬಿಳಿ ಹೊಟ್ಟೆ, ದೊಡ್ಡ ಕಪ್ಪು ಕಣ್ಣು, ಉದ್ದ ಬಾಲದ ತುದಿಯಲ್ಲಿ ಕುಚ್ಚು. ಹಿಂಗಾಲಿನ ಮೇಲೆ ಕುಪ್ಪಳಿಸುತ್ತಿದ್ದವು. ಊರಿನವರಿಗೆ ಅವು ಹೊಲದ ಇಲಿ. ನನ್ನ ಪುಸ್ತಕದಲ್ಲಿ ಜರ್ಬಿಲ್. ಶಾಲೆಯ ಮಕ್ಕಳಿಗೆ ತೋರಿಸಿ ಎರಡು ದಿನದಲ್ಲಿ ಬಿಟ್ಟುಬಿಡೋಣವೆಂದು ಒಪ್ಪಿಕೊಂಡೆ. ಬೇಡ ಎನ್ನುವುದಕ್ಕೂ ಒಂದಿಷ್ಟು ಶಕ್ತಿ ಬೇಕಲ್ಲ.

ಅತ್ತೆ ಮಲಗಿದ್ದಲ್ಲಿಂದಲೇ ಗದರಿದರು. "ಏನಮ್ಮಾ, ಬುದ್ಧಿ ಐತಾ ನಿಂಗೆ? ಹುಳದ ಮನೇಲಿ ಈ ಎಲುಕಗಳನ್ನ ಬಡಿದೂ ಬಡಿದೂ ನನ್ನ ಕೈ ಸೋತೋಗೈತೆ. ನೀನು ಕರಕೊಂಡು ಬಂದು ಕೂರಿಸ್ತೀಯಾ?" ಸಿಟ್ಟು ಬಂದಾಗ ಅವರ ಬಾಯಲ್ಲಿ ಇಲಿ ತೆಲುಗಿನ ಎಲುಕವಾಗುತ್ತಿತ್ತು.

ಮೊದಲ ತಪ್ಪು ಮರದ ಪೆಟ್ಟಿಗೆ. ಬೆಳಗಾಗುವಷ್ಟರಲ್ಲಿ ಅದರ ಮೂಲೆ ಕಡಿದು ಎರಡೂ ಅಕ್ಕಿ ಮೂಟೆಯ ಹಿಂದೆ ಸೇರಿದ್ದವು. ಹೇಗೋ ಹಿಡಿದು ತಗಡಿನ ಡಬ್ಬದಲ್ಲಿ ಹಾಕಿಟ್ಟು, ಶಾಲೆಯಲ್ಲಿ ಮೂಲೆಗೆ ಬಿದ್ದಿದ್ದ, ನೀರು ಸೋರುವ ಮೀನಿನ ಗಾಜಿನ ತೊಟ್ಟಿಯನ್ನು ಕೇಳಿ ತಂದೆ. ಗೇಣೆತ್ತರಕ್ಕೆ ಮಣ್ಣು ಹಾಕಿ, ಮೇಲೆ ಜಾಲರಿ ಮುಚ್ಚಿ, ಬೇರೆ ಜಾಗವಿಲ್ಲದೆ ಅತ್ತೆಯ ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟೆ. ಒಂದು ಗಂಟೆಯೊಳಗೆ ಅವು ಮಣ್ಣಲ್ಲಿ ಸುರಂಗ ತೋಡಿಕೊಂಡವು. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

ಎಷ್ಟು ದಿನ ತಿರುಗಿಸಿಕೊಂಡಾರು? ಮಲಗಿದ ಮನುಷ್ಯರಿಗೆ ನೋಡುವುದಕ್ಕೆ ತೊಲೆ ಇತ್ತು, ಇಲ್ಲವೇ ಇಲಿ ಇತ್ತು. ವಾರ ಕಳೆಯುವಷ್ಟರಲ್ಲಿ, ನಾನು ಹೆಗಲಿನ ಚೀಲ ಇಳಿಸುವ ಮೊದಲೇ ವರದಿ ಶುರುವಾಗುತ್ತಿತ್ತು. "ನೀರು ಮುಟ್ಟಲ್ಲ ಕಣಮ್ಮ, ಸೌತೆಕಾಯಿ ಚೂರು ಹಾಕಿದ್ರೆ ಅದೇ ಸಾಕು ಅವಕ್ಕೆ. ಎರಡೂ ಹೆಣ್ಣೇ, ಮರಿ ಭಯ ಇಲ್ಲ. ಬೆಕ್ಕು ಬಂದ್ರೆ ಹಿಂಗಾಲಲ್ಲಿ ನೆಲ ಬಡೀತದೆ, ದಬದಬ ದಬದಬ ಅಂತ. ನಾನು ಕೋಲು ಕುಟ್ಟಿ ಓಡಿಸಿದೆ." ನನಗೆ ಕೇಳಿಸಿಕೊಳ್ಳುವ ತಾಳ್ಮೆ ಇರಲಿಲ್ಲ. ಹೂಂ ಹೂಂ ಎನ್ನುತ್ತಾ ಸಾರಿಗೆ ನೀರಿಡುತ್ತಿದ್ದೆ. ನಿಜ ಹೇಳಬೇಕೆಂದರೆ ನಾನು ಆ ಇಲಿಗಳನ್ನು ಪ್ರೀತಿಸಲಿಲ್ಲ. ಅವು ನನಗೆ ಇನ್ನೆರಡು ಬಾಯಿ, ಅಷ್ಟೇ. ಎರಡು ದಿನದಲ್ಲಿ ಬಿಡಬೇಕೆಂದಿದ್ದವನ್ನು ಬಿಡುವ ಮಾತು ಮಾತ್ರ ನಾನೂ ಎತ್ತಲಿಲ್ಲ, ಅತ್ತೆಯೂ ಎತ್ತಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ತೊಟ್ಟಿಯ ಮಣ್ಣು ಬದಲಿಸುತ್ತಿದ್ದೆ. ಒಂದು ಇಲಿ ಅಂಚು ಹತ್ತಿ ನೆಗೆಯಿತು. ನಾನು ಗಬಕ್ಕನೆ ಬಾಲ ಹಿಡಿದೆ. ಇಲಿ ಹೋಯಿತು, ಬಾಲದ ಚರ್ಮ ಕುಚ್ಚಿನ ಸಮೇತ ಸುಲಿದು ನನ್ನ ಬೆರಳ ನಡುವೆ ಉಳಿಯಿತು. ಮಂಚದ ಕೆಳಗೆ ಅದು ರಕ್ತ ಸೋರುವ ಕಡ್ಡಿಯಂಥ ಬಾಲ ಹಿಡಿದು ನೆಕ್ಕುತ್ತಾ ಕೂತಿತ್ತು. ನಾನು ಅಲ್ಲೇ ನೆಲದ ಮೇಲೆ ಕೂತು ಅಳಲು ಶುರುಮಾಡಿದೆ. ಇಲಿಗಾಗಿ ಮಾತ್ರ ಅಳುತ್ತಿರಲಿಲ್ಲ. ಒಮ್ಮೆ ಶುರುವಾದ ಮೇಲೆ ನಿಲ್ಲಿಸಲಾಗಲಿಲ್ಲ.

ಹಜಾರದಿಂದ ಪೇಪರು ಹಿಡಿದು ಎದ್ದು ಬಂದ ಗಂಡ, "ಒಂದು ಇಲಿಗೆ ಇಷ್ಟು ಅಳ್ತಾರೇನೇ?" ಎಂದರು.

"ನೀನು ಸುಮ್ನಿರೋ," ಎಂದರು ಅತ್ತೆ. "ವಾರಕ್ಕೊಂದಿನ ಬರೋನಿಗೆ ಏನು ಗೊತ್ತು? ಆರು ತಿಂಗಳಿಂದ ಅವಳು ಕೂತು ಉಂಡಿದ್ದು ನಾನು ನೋಡಿಲ್ಲ. ಹೋಗು, ಅನ್ನಕ್ಕಿಡು."

ಗಂಡ ನಿಜಕ್ಕೂ ಅಡುಗೆಮನೆಗೆ ಹೋದರು. ಅತ್ತೆ ನನ್ನ ಕಡೆ ತಿರುಗಿದರು. "ಬಾಲ ಹಿಡಿದ್ರೆ ಚರ್ಮ ಬಿಟ್ಟು ಓಡ್ತದೆ ಅಂತ ನಿಮ್ಮ ಬುಕ್ಕಲ್ಲಿ ಬರೆದಿಲ್ವಾ? ಹೊಲದಾಗೆ ಎಷ್ಟು ಸಲ ನೋಡಿದ್ದೀನಿ. ಆ ಚೊಂಬು ಅಡ್ಡ ಮಲಗಿಸಿ ಒಳಗೆ ಕಡ್ಲೆಕಾಯಿ ಬೀಜ ಹಾಕು. ಬಿಲ ಅಂದ್ಕೊಂಡು ಅದೇ ಹೋಗ್ತದೆ."

ಹಾಗೆಯೇ ಮಾಡಿದೆ. ಸ್ವಲ್ಪ ಹೊತ್ತಿಗೆ ಇಲಿ ತಾನೇ ಚೊಂಬಿನೊಳಗೆ ನುಗ್ಗಿತು. ಚೊಂಬಿನ ಸಮೇತ ಎತ್ತಿ ತೊಟ್ಟಿಗಿಟ್ಟೆ. ಅರಿಶಿನ ಹಚ್ಚಬೇಕೇ ಎಂದು ಕೇಳಿದೆ. "ಬ್ಯಾಡ, ಅದನ್ನ ಅದರ ಪಾಡಿಗೆ ಬಿಡು," ಎಂದರು. ಕೆಲವು ದಿನಗಳಲ್ಲಿ ಬಾಲದ ಎಲುಬು ಒಣಗಿ ಉದುರಿತು. ಗಾಯ ಮಾಯಿತು, ಮೋಟು ಬಾಲ ಉಳಿಯಿತು.

ಆ ಭಾನುವಾರದ ಅನ್ನ ತಳ ಹಿಡಿದಿತ್ತು. ಆದರೂ ಗಂಡ ಅಂದಿನಿಂದ ಭಾನುವಾರದ ಅಡುಗೆ ಬಿಡಲಿಲ್ಲ. ಅತ್ತೆ ಒಮ್ಮೊಮ್ಮೆ ವರದಿ ನಿಲ್ಲಿಸಿ, "ಇವತ್ತು ಇಸ್ಕೂಲಲ್ಲಿ ಮಕ್ಕಳು ಏನಂದ್ರು?" ಎಂದು ನನ್ನನ್ನು ಕೇಳತೊಡಗಿದರು. ನಾನು ಹೇಳುತ್ತಾ ಹೇಳುತ್ತಾ ಗೋಡೆಗೆ ಒರಗಿ ನಿದ್ದೆ ಹೋದರೆ ಎಬ್ಬಿಸುತ್ತಿರಲಿಲ್ಲ.

ಮಾರನೆಯ ವರ್ಷ ಅತ್ತೆ ಕೋಲು ಹಿಡಿದು ಹಿತ್ತಲವರೆಗೆ ನಡೆಯುವಂತಾದರು. ಅದೇ ಬೇಸಿಗೆಯಲ್ಲಿ ಒಂದು ಇಲಿ ಸತ್ತಿತು. ಒಂಟಿಯಾದ ಮೋಟು ಬಾಲದ್ದು ಸುರಂಗ ತೋಡುವುದನ್ನೇ ಬಿಟ್ಟು, ತಿಂಗಳೊಳಗೆ ತಾನೂ ಹೋಯಿತು. ಅತ್ತೆ ಅದನ್ನು ನುಗ್ಗೆಮರದ ಬುಡದಲ್ಲಿ ತಾವೇ ಹೂತು ಬಂದರು.

"ಇನ್ನೊಂದು ಜೊತೆ ಸಿಕ್ಕರೆ ತರಲು ಹೇಳಲಾ?" ಎಂದು ಕೇಳಿದೆ.

"ಬ್ಯಾಡಮ್ಮ. ಸಾಕಿದ್ದು ಸಾಕು."

ನನಗೆ ಎದೆಯ ಭಾರ ಇಳಿದಂತಾಯಿತು. ಹಾಗಾಯಿತಲ್ಲ ಎಂದು ನಾಚಿಕೆಯೂ ಆಯಿತು. ಅತ್ತೆ ಖಾಲಿ ಸ್ಟೂಲಿನ ಮೇಲೆ ಕೂತು ಕೈಗೆ ಮೆತ್ತಿದ ಮಣ್ಣನ್ನು ಉಜ್ಜುತ್ತಿದ್ದರು. ನಾನು ಕಾಫಿ ಮಾಡಲೇ ಎಂದರೆ, ಬೇಡ, ಇಲ್ಲೇ ಸ್ವಲ್ಪ ಕೂತ್ಕೋ ಎಂದರು. ಕೂತೆ.