ಕಟ್ಟದ ಮೊದಲ ಕಲ್ಲು

ಹರಿಯುವ ನೀರು ನೋಡಿದರೆ ನನಗೆ ನಿದ್ದೆ ಬರುತ್ತದೆ. ಮೂಡುಬಿದಿರೆಯ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುವ ಮನುಷ್ಯನಿಗೆ ಇದು ಭೂಷಣವಲ್ಲ, ಆದರೂ ಒಪ್ಪಿಕೊಳ್ಳುತ್ತೇನೆ. ಶಿರ್ತಾಡಿಯ ನಮ್ಮ ತೋಡಿನ ದಂಡೆಯಲ್ಲಿ ಕೂತರೆ ಸಾಕು, ಕಣ್ಣು ಅರ್ಧ ಮುಚ್ಚಿ, ಎಲ್ಲೆಲ್ಲಿಯದೋ ದೇಶಗಳ ನದಿಗಳು ತಲೆಯೊಳಗೆ ಹರಿಯತೊಡಗುತ್ತವೆ.

ಆ ವಾರ ಪಾಠವೂ ಅದೇ ಇತ್ತು. ಹವಾಮಾನ ಕೆಟ್ಟರೆ ದೇಶದೇಶಗಳ ಭದ್ರತೆಯೂ ಕೆಡುತ್ತದೆ, ಮೇಲಿನ ದೇಶ ಅಣೆಕಟ್ಟು ಕಟ್ಟಿದರೆ ಕೆಳಗಿನ ದೇಶ ಬಂದೂಕು ಒರೆಸುತ್ತದೆ, ಇತ್ಯಾದಿ. ವಿಜಯಪುರದ ಹುಡುಗಿಯೊಬ್ಬಳು ಎದ್ದು ಕೇಳಿದಳು, "ಮೊದಲ ಜಗಳಾ ತಗಿಯೋರು ಯಾರ್ರೀ ಸರ್?"

"ನೀರಿಲ್ಲದವರು," ಎಂದೆ ಗತ್ತಿನಿಂದ.

ನಮ್ಮ ತೋಡಿಗೂ ಒಂದು ಕಾನೂನುಂಟು. ಮಳೆಗಾಲ ಮುಗಿದ ಮೇಲೆ ನೀರಿಗೆ ಅಡ್ಡಲಾಗಿ ಕಲ್ಲು ಮಣ್ಣಿನ ಕಟ್ಟ ಹಾಕುತ್ತೇವೆ. ಅದರ ಮೊದಲ ಕಲ್ಲು ಇಡಬೇಕಾದವರು ಕೆಳಗಿನ ಜಾಗದವರು. ತಡೆಯುವುದು ಅವರ ಪಾಲಿನ ನೀರನ್ನಲ್ಲವೇ? ಕೆಳಮನೆಯ ಧರಣೇಂದ್ರಣ್ಣ ಪ್ರತಿವರ್ಷ ಬಂದು ಕಲ್ಲಿಟ್ಟು, ಚಾ ಕುಡಿದು, "ಇನ್ನು ನೀವುಂಟು, ನೀರುಂಟು" ಎಂದು ಹೋಗುವವರು.

ಈ ಸಲ ಮಳೆ ಹೇಳದೆ ಕೇಳದೆ ಬೇಗ ನಿಂತಿತು. ತೋಡು ಸಪೂರವಾದದ್ದು ಕಂಡು ಬೇಸಿಗೆಗೆ ನನ್ನ ತೋಟ ಒಣಗೀತೆಂದು ಹೆದರಿದೆ. ಧರಣೇಂದ್ರಣ್ಣ ಮದುವೆಗೆಂದು ಬೆಳ್ತಂಗಡಿಗೆ ಹೋಗಿದ್ದರು. ಎರಡು ದಿನ ಕಾಯಬಹುದಿತ್ತು. ಕಾಯಲಿಲ್ಲ. ಮರಳಿನ ಚೀಲ ಒಟ್ಟಿ ನಾನೇ ಕಟ್ಟಿಬಿಟ್ಟೆ. ನೀರು ಏರಿತು, ಮೋಡ ಅದರೊಳಗೆ ಇಳಿಯಿತು, ಏರೋಪ್ಲೇನ್ ಚಿಟ್ಟೆಗಳು ಬಂದವು. ನಾನು ದಂಡೆಯಲ್ಲಿ ಸುಖವಾಗಿ ತೂಕಡಿಸಿದೆ.

ಧರಣೇಂದ್ರಣ್ಣ ವಾಪಸು ಬಂದವರು ಜಗಳ ಆಡಲಿಲ್ಲ. ಆಡಿದ್ದರೆ ಬಚಾವಾಗುತ್ತಿದ್ದೆ. ದಿನಾ ಬೆಳಿಗ್ಗೆ ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ಬಸ್ಸಿನವರೆಗೆ ಬಿಡುವ ಮನುಷ್ಯ, ಮೂರು ದಿನ ನನ್ನ ಗೇಟಿನ ಮುಂದೆ ಬೈಕು ನಿಧಾನ ಕೂಡ ಮಾಡಲಿಲ್ಲ. ಮೂವತ್ತು ವರ್ಷದ ಸ್ನೇಹ! ಅಯ್ಯೋ, ನನಗೆ ಅಳುವೇ ಬಂತು. ನಾಲ್ಕನೆಯ ದಿನ ಚೀಲಗಳನ್ನೆಲ್ಲ ಎಳೆದುಹಾಕಿ, ಒದ್ದೆ ಬಟ್ಟೆಯಲ್ಲೇ ಅವರ ಅಂಗಳಕ್ಕೆ ಹೋದೆ. ಬಸಳೆ ಚಪ್ಪರ ಬಾಡಿತ್ತು.

"ಹೆದರಿಬಿಟ್ಟೆ ಧರಣೇಂದ್ರಣ್ಣ. ತಪ್ಪಾಯಿತು."

ಅವರು ಎದ್ದು ಪಂಚೆ ಎತ್ತಿ ಕಟ್ಟಿದರು. "ಬನ್ನಿ ಮಾಸ್ಟ್ರೇ, ಕಲ್ಲು ಇಡುವ. ಒಂದು ಗೇಣು ದಾರಿ ಬಿಟ್ಟು ಕಟ್ಟುವ. ನನ್ನ ಬಸಳೆಗೂ ಬಾಯಾರ್ತದೆ ಮಾರಾಯ್ರೆ."

ಮರುದಿನ ಅವರ ಬೈಕಿನಲ್ಲೇ ಹೊರಟೆ. ತರಗತಿಯಲ್ಲಿ ಆ ಹುಡುಗಿಯನ್ನು ಹುಡುಕಿ ಹೇಳಿದೆ, "ಮೊನ್ನೆ ತಪ್ಪು ಹೇಳಿದೆನಮ್ಮಾ. ಜಗಳ ತೆಗೆಯುವವನು ನೀರು ಇದ್ದವನೇ. ದಂಡೆಯಲ್ಲಿ ಕೂತು ತೂಕಡಿಸುತ್ತಿರುತ್ತಾನೆ."