ಮೂರನೆಯ ಮನೆಯ ಅಂಕಿ

ಇದನ್ನು ಬರೆಯಲು ಎಷ್ಟೋ ಸಲ ಕುಳಿತು, ಹೆದರಿ ಎದ್ದಿದ್ದೇನೆ. ಹೋದ ವಾರ ಸಿರ್ಸಿಯಲ್ಲಿ ನರ್ಸ್ ನನ್ನ ತೋಳಿಗೆ ಬಿಪಿ ಪಟ್ಟಿ ಸುತ್ತಿದಾಗ ಹಳೇ ರಬ್ಬರಿನ ವಾಸನೆ ಬಂತು. ಬೆವತುಬಿಟ್ಟೆ. ಇನ್ನು ತಡೆದರೆ ಹೇಳದೆಯೇ ಹೋಗುತ್ತೇನೆ.

ನಾನು ಹೈಸ್ಕೂಲು ಮುಗಿಸಿದವನು. ಹತ್ತು ಹನ್ನೆರಡು ವರ್ಷದ ಹಿಂದೆ ಒಂದು ಆರೋಗ್ಯ ಸಂಶೋಧನೆಯಲ್ಲಿ ಮನೆಮನೆಗೆ ಹೋಗಿ ಬಿಪಿ ಅಳೆದು ಬರೆಯುವ ಕೆಲಸ ಸಿಕ್ಕಿತ್ತು. ಯಾರದಾದರೂ ಹೆಚ್ಚಿದ್ದರೆ ತಿಂಗಳು ಬಿಟ್ಟು ಮತ್ತೆ ಅಳೆಯಬೇಕು. ಆಗಲೂ ಹೆಚ್ಚಿದ್ದರೆ ಸಿರ್ಸಿ ಆಸ್ಪತ್ರೆಗೆ ಕಳಿಸಬೇಕು.

ಮತ್ತಿಘಟ್ಟದ ಹೊಲಿಗೆ ಅಕ್ಕನದು ಮೊದಲ ಸಲ ತುಂಬ ಹೆಚ್ಚಿತ್ತು. ಪಟ್ಟಿ ಸುತ್ತುವಾಗ ಆಕೆ ನಕ್ಕಿದ್ದಳು. "ಎಂತ ಮಾರಾಯಾ, ಊರಿಗೆಲ್ಲ ಅಳತೆ ತಗಳೋಳು ನಾನು. ನನ್ನ ತೋಳಿಗೇ ಪಟ್ಟಿ ಹಿಡಿದ್ಯಲ್ಲ!"

ಎರಡನೆಯ ಸಲ ನಾನು ಹೋಗಲಿಲ್ಲ. ಮೊಣಕಾಲು ನೋವೆಂದು ಗುಡ್ಡದ ಚಡಾವು ಹತ್ತದೆ, ಅಕ್ಕನದೂ ಸೇರಿ ಮೇಲಿನ ಮೂರು ಮನೆ ಬಿಟ್ಟು, ಬಸ್‌ಸ್ಟಾಪಿನಲ್ಲಿ ಕೂತು ಮನಸ್ಸಿಗೆ ಬಂದದ್ದು ಬರೆದೆ. ಯಾರೂ ಪ್ರಶ್ನೆ ಕೇಳದಂಥ ಒಳ್ಳೆಯ ಅಂಕಿಗಳು...

ಆಮೇಲೆ ಸಿದ್ದಾಪುರದಲ್ಲಿ, ಸಂಶೋಧನೆಗೆ ಹೊಸದಾಗಿ ಬಂದ ಹುಡುಗ ಹುಡುಗಿಯರಿಗೆ ವರದಿ ಬರೆಯುವ ತರಬೇತಿ ನಡೆಯಿತು. ನಮ್ಮ ಮೇಲಿನವರಾದ ಹಾವೇರಿ ಕಡೆಯ ಡಾಕ್ಟರಮ್ಮನೇ ಪಾಠ ಹೇಳಿದರು. ಮಾಡಿದ್ದನ್ನಷ್ಟೇ ಅಲ್ಲ, ಮಾಡಲಾಗದೆ ಬಿಟ್ಟದ್ದನ್ನೂ ಬರೆಯಬೇಕು ಎಂದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಹಳಬರಾದ ನಮ್ಮ ಬಿಪಿ ಪುಸ್ತಕಗಳನ್ನೇ ತೆಗೆದು, ತಪ್ಪು ಹುಡುಕಲು ಹಂಚಿದರು. ನನ್ನದೂ ಅದರಲ್ಲಿತ್ತು.

"ಮೇಡಂ, ಇಲ್ಲಿ ನೂರಾ ಇಪ್ಪತ್ತೇಳು!" ಎಂದಳು ನನ್ನ ಪುಸ್ತಕ ಸಿಕ್ಕಿದ್ದ ಹುಡುಗಿ. "ಗೀಟೇ ಇಲ್ಲದ ಜಾಗದಲ್ಲಿ ಪಾದರಸ ನಿಂತ್ಕಂಡದೆ!"

ಎಲ್ಲರೂ ನಕ್ಕರು. ನಮ್ಮ ಪಾದರಸದ ಯಂತ್ರದಲ್ಲಿ ಗೀಟುಗಳಿದ್ದದ್ದು ಸಮಸಂಖ್ಯೆಗೆ ಮಾತ್ರ. ಗೀಟು ನೋಡಿ ಬರೆದವನ ಪುಸ್ತಕದಲ್ಲಿ ಬೆಸಸಂಖ್ಯೆ ಬರುವಂತಿಲ್ಲ. ಎರಡು ಮನೆಗೆ ನಾನು ಬೆಸಸಂಖ್ಯೆ ಬರೆದಿದ್ದೆ.

ಡಾಕ್ಟರಮ್ಮ ಹತ್ತಿರ ಬಂದರು. "ಹೆದರಬ್ಯಾಡ್ರಿ. ಹೋಗಿಲ್ಲಾಂದ್ರ ಹೋಗಿಲ್ಲ ಅಂತ ಹೇಳ್ರಿ."

"ಆ ಎರಡು ಮನೆಗೆ ಹೋಗ್ಲಿಲ್ಲ ಮೇಡಂ."

"ಇಷ್ಟ ಏನ್ರಿ, ಮತ್ತ ಯಾವ ಮನಿನೂ ಇಲ್ಲ?"

ಮೂರನೆಯದಾದ ಅಕ್ಕನ ಮನೆಗೆ ಬರೆದದ್ದು ಸಮಸಂಖ್ಯೆ, ನೂರಾ ಇಪ್ಪತ್ತೆಂಟು. ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಇಷ್ಟೇ" ಎಂದೆ.

"ನೋಡ್ರಿ, ಹಿಂಗ ಒಪ್ಪಿಕೊಳ್ಳೋರು ಇದ್ರ ನಮ್ಮ ವರದಿ ಗಟ್ಟಿ ಆಗತದ" ಎಂದು ಅವರು ಹುಡುಗರ ಕಡೆ ತಿರುಗಿದರು. ಹುಡುಗರು ಚಪ್ಪಾಳೆ ತಟ್ಟಿದರು.

ಆ ಎರಡು ಮನೆಗೆ ಬೇರೆಯವರು ಹೋಗಿ ಅಳೆದು ಬಂದರು. ಮೂರನೆಯದಕ್ಕೆ ನಾನೇ ಹೋಗಬಹುದಿತ್ತು. ಯಾಕೆ ಹೋದೆ ಎಂದು ಯಾರಾದರೂ ಕೇಳಿದರೆ... ಹೋಗಲಿಲ್ಲ. ಎರಡು ತಿಂಗಳಿಗೆ ಅಕ್ಕ ಲಕ್ವ ಹೊಡೆದು ಬಿದ್ದಳು. ಬಲಗೈ ಮತ್ತೆ ಏಳಲಿಲ್ಲ.

ನಂತರದ ವರ್ಷಗಳಲ್ಲಿ ದಾರಿಯಲ್ಲಿ ಕಂಡರೆ ಎಡಗೈ ಎತ್ತಿ ಕರೆಯುತ್ತಿದ್ದಳು. "ಏ ತಮ್ಮಾ, ನಮ್ಮನೆ ಕಡೆ ತಲೆನೇ ಹಾಕೂದಿಲ್ಲ ನೀನು. ಬಾ, ಚಾ ಕುಡ್ಕಂಡು ಹೋಗು." ಬಸ್ಸಿಗೆ ಹೊತ್ತಾಯಿತೆಂದು ತಪ್ಪಿಸಿಕೊಳ್ಳುತ್ತಿದ್ದೆ. ಈ ವರ್ಷ ತೀರಿಕೊಂಡಳು. ಅಚ್ಚಾದ ವರದಿಯಲ್ಲಿ ಮಾತ್ರ ಬಿಪಿ ಇಳಿದವರ ಲೆಕ್ಕದೊಳಗೆ ಇದ್ದಾಳೆ.

ನಿನ್ನೆ ಡಾಕ್ಟರಮ್ಮ ಫೋನ್ ಮಾಡಿದ್ದರು. ಯಲ್ಲಾಪುರದಲ್ಲಿ ಹೊಸ ತಂಡಕ್ಕೆ ತರಬೇತಿಯಂತೆ. "ಬರ್ರಿ, ಹುಡುಗರಿಗೆ ನಿಮ್ಮ ಕತಿ ಹೇಳ್ರಿ" ಎಂದರು. ಈ ಕಾಗದ ಹಿಡಿದು ಹೋಗುತ್ತೇನೆ. ಡಾಕ್ಟರಮ್ಮನ ಹತ್ತಿರ ಇನ್ನೂ ಕ್ಷಮೆ ಕೇಳಬಹುದು. ಕೇಳದೆಯೇ ಉಳಿದುಹೋದದ್ದು ಮತ್ತಿಘಟ್ಟದ ಹೊಲಿಗೆ ಅಕ್ಕನ ಹತ್ತಿರ.